ಅನಸೂಯೆಯ ಕುಲ

ಶ್ರೀರಾಮಪ್ಪನೂ ಆದಿನಾರಾಯಣನೂ ಬೂದಿಕೋಟೆಯ ಒಂದೇ ಬೀದಿಯಲ್ಲಿ ಬೆಳೆದವರು. ಈಗ ಇಬ್ಬರೂ ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಬಂದರೆ ಚಿನ್ನದ ಗಣಿಯ ಸುತ್ತಮುತ್ತ ಹುಳು ಹಿಡಿಯುತ್ತ ತಿರುಗುವುದು ಇಬ್ಬರಿಗೂ ಹುಚ್ಚು.

೧೯೫೮ರ ಮಳೆಗಾಲದಲ್ಲಿ, ನಂದಿದುರ್ಗದ ಗಣಿಯ ಬಳಿ ಒಟ್ಟಿದ್ದ ಮರದ ದಿಮ್ಮಿಗಳ ಸಂದಿನಿಂದ ಒಂದು ಹುಳು ಶ್ರೀರಾಮಪ್ಪನ ಪಾದದ ಮೇಲೆಯೇ ನೆಗೆಯಿತು. ನೋಡಲು ಜೀರುಂಡೆಯಂತೆ; ಆದರೆ ರೆಕ್ಕೆಯಿಲ್ಲ, ದನಿಯಿಲ್ಲ.

"ಯಾವ್ದೋ ಮರಿ ಕಣ್ಲಾ, ಬಿಡು," ಎಂದು ಅವನು ಕಾಲು ಕೊಡವಿದ. ಆದಿನಾರಾಯಣ ಅದನ್ನು ಸೀಸೆಗೆ ಹಾಕಿಕೊಂಡ.

ಅದು ಮರಿಯಲ್ಲ, ಯಾರೂ ಹೆಸರಿಡದಿದ್ದ ಪ್ರಭೇದ. ಮರುವರ್ಷ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅದರ ವಿವರ ಅಚ್ಚಾಯಿತು. ಆದಿನಾರಾಯಣ ಅದಕ್ಕೆ ತನ್ನ ಹೆಂಡತಿ ಅನಸೂಯೆಯ ಹೆಸರಿಟ್ಟಿದ್ದ. ಪದ್ಧತಿಯಂತೆ ಪಕ್ಕದಲ್ಲಿ ಹೆಸರಿಟ್ಟವನ ಹೆಸರೂ ಇತ್ತು. ಹೆಡ್ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀರಾಮಪ್ಪನೂ ತಟ್ಟಿದ, ಎಲ್ಲರಿಗಿಂತ ಜೋರಾಗಿ.

"ಅವ್ರು ಎಂಡ್ರ ಎಸರು ಪುಸ್ತಕದಾಗೆ ಆಕವ್ರೆ. ನೀವು ನನ್ನೆಸರ ಒಂದು ಕರಕ್ಕೂ ಇಡ್ಲಿಲ್ಲ," ಎಂದು ಅಂದು ರಾತ್ರಿ ಊಟ ಬಡಿಸುತ್ತ ಶ್ರೀರಾಮಪ್ಪನ ಹೆಂಡತಿ ಮುನಿನಾರಾಯಣಮ್ಮ ನಕ್ಕಳು. ಅವನು ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಅಂದಿನಿಂದ ಅವನು ಆ ಹುಳುವಿನ ಬೆನ್ನು ಬಿದ್ದ. ಆದಿನಾರಾಯಣ ನೋಡಿದ್ದು ಹೆಣ್ಣನ್ನು ಮಾತ್ರ. ಇವನು ಗಂಡುಗಳನ್ನೂ ಹಿಡಿದ. ಹಿಂಗಾಲಿನ ಮುಳ್ಳುಗಳನ್ನು, ಬಾಲದ ತುದಿಯ ಕೊಂಡಿಗಳನ್ನು ಕಣ್ಣಲ್ಲಿ ನೀರು ಬರುವ ತನಕ ನೋಡಿದ. ಕೊನೆಗೆ ತಪ್ಪು ಸಿಕ್ಕಿತು. ಪ್ರಭೇದವೇನೋ ಹೊಸದೇ, ಆದರೆ ಗೆಳೆಯ ಅದನ್ನು ಸೇರಿಸಿದ್ದ ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ಅದರದಲ್ಲ. ಅದು ನಂಟಿನ ಇನ್ನೊಂದು ಕುಲಕ್ಕೆ ಸೇರಿದ್ದು. ಗೆಳೆಯನಿಗೆ ಒಂದು ಮಾತೂ ಹೇಳದೆ ಬರೆದು ಕಳಿಸಿದ. ೧೯೬೩ರಲ್ಲಿ ಅದೇ ಪತ್ರಿಕೆ ಅದನ್ನು ಅಚ್ಚು ಹಾಕಿತು.

ಪತ್ರಿಕೆ ಹಿಡಿದು ಉರಿಗಾಂನಲ್ಲಿದ್ದ ಆದಿನಾರಾಯಣನ ಮನೆಗೆ ಹೋದ. ಆ ಮುಖ ಬಾಡುವುದನ್ನು ಕಣ್ಣಾರೆ ನೋಡಬೇಕಿತ್ತು.

ಆದಿನಾರಾಯಣ ನಿಂತುಕೊಂಡೇ ಓದಿದ. ಚಿತ್ರಗಳನ್ನು ಮತ್ತೆ ನೋಡಿದ. ಆಮೇಲೆ ಅಡುಗೆಮನೆಯತ್ತ ಕೂಗಿದ: "ಅನಸೂಯಾ, ಬಾ ಇಲ್ಲಿ! ಶ್ರೀರಾಮ ನಿನ್ನ ಕುಲ ಬದಲಾಯಿಸವ್ನೆ!"

"ನಿಮ್ಮನ್ನ ಮದ್ವೆ ಆದಾಗ್ಲೇ ಒಂದ್ಸಲ ಬದಲಾಗೈತೆ," ಎನ್ನುತ್ತ ಅವಳು ಬಂದಳು. "ಎಸರೂ ಓಯ್ತಾ?"

"ಎಸರು ಎಲ್ಗೋಗ್ತದೆ? ನಿಂದು ಅಂಗೇ ಇರ್ತದೆ. ನಂದೂ ಇರ್ತದೆ, ಆದ್ರೆ ಕಂಸದೊಳಗೆ. ಕುಲ ಬದಲಾಗೈತೆ ಅನ್ನೋಕೆ ಅದೇ ಗುರುತು."

"ಅಣ್ಣನ ಎಸರು ಎಲ್ಲಿ ಬತ್ತದೆ?"

ಆ ನಿಯಮ ಶ್ರೀರಾಮಪ್ಪನಿಗೂ ಗೊತ್ತಿತ್ತು. ಗೆಳೆಯನ ಹೆಸರನ್ನು ಕಂಸದೊಳಗೆ ತಳ್ಳುವ ಆತುರದಲ್ಲಿ, ತಳ್ಳಿದವನ ಹೆಸರು ಅಲ್ಲೆಲ್ಲೂ ಇರುವುದಿಲ್ಲ ಎಂಬುದನ್ನು ಅವನು ನೆನೆದೇ ಇರಲಿಲ್ಲ.

"ಬರಲ್ಲ ಕಣಮ್ಮ," ಎಂದ.

ಆದಿನಾರಾಯಣ ಅವನ ಹೆಗಲ ಮೇಲೆ ಕೈ ಹಾಕಿದ. "ಒಳ್ಳೇ ಕೆಲ್ಸ ಮಾಡಿದ್ದೀಯ ಕಣ್ಲಾ. ಇನ್ನೊಂದು ಒಸ ಉಳ ಸಿಕ್ಲಿ, ನಿನ್ನೆಸರೇ ಇಡ್ತೀನಿ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಶ್ರೀರಾಮಪ್ಪ ತಡೆದುಕೊಳ್ಳುತ್ತಿದ್ದ.

"ನೀನೇನೂ ಇಡಬ್ಯಾಡ. ನಂಗೆ ಬೇಕಾದ್ದು ನಾನೇ ಉಡುಕ್ಕೊಂತೀನಿ," ಎಂದು ಕಾಫಿಗೂ ಕೂರದೆ ಹೊರಟ.

ಮುಂದಿನ ಭಾನುವಾರ ಹುಳು ಹಿಡಿಯಲು ಹೊರಟ ಅವನ ರೈಲು ಉರಿಗಾಂ ಸ್ಟೇಷನ್ನಿನಲ್ಲಿ ನಿಂತಾಗ, ಆದಿನಾರಾಯಣ ಎಂದಿನಂತೆ ಬಲೆ ಹಿಡಿದು, ಅವನನ್ನು ಹುಡುಕಿ ಒಂದೊಂದೇ ಬೋಗಿಯೊಳಗೆ ಇಣುಕುತ್ತ ಬರುತ್ತಿದ್ದ. ಶ್ರೀರಾಮಪ್ಪ ಕಿಟಕಿಗೆ ಬೆನ್ನು ಮಾಡಿ ಕೂತ. ಗಾಡಿ ಹೊರಟ ಮೇಲೆ, ಮುಂದಿನ ಸ್ಟೇಷನ್ನಿನಲ್ಲಿ ಒಬ್ಬನೇ ಇಳಿದ.