ಅತ್ತೆ ಓದಿದ ರಸ್ತೆ

ಭಾನುವಾರ ಬೆಳಿಗ್ಗೆ ಗಂಡ ಎದ್ದು ಬಾಯಿ ತೆರೆದರೆ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಶೀತ ಗಂಟಲಿಗಿಳಿದು ಸ್ವರ ಪೂರ್ತಿ ಕಟ್ಟಿಹೋಗಿತ್ತು. ಬೇರೆ ದಿನವಾಗಿದ್ದರೆ ಹೆಂಡತಿ ಕಿವಿಗೆ ಒಂದಿಷ್ಟು ಬಿಡುವು ಸಿಕ್ಕಿತು ಅಂದುಕೊಳ್ಳುತ್ತಿದ್ದಳೋ ಏನೋ. ಆದರೆ ಅವತ್ತು ಮಧ್ಯಾಹ್ನ ರ‍್ಯಾಲಿಯ ಕೊನೆಯ ಓಟ. ಅವಳು ಓಡಿಸುವಾಗ ಪಕ್ಕದಲ್ಲಿ ಕೂತು ದಾರಿ ಓದಿ ಹೇಳಬೇಕಾದವನೇ ಅವನು.

ರ‍್ಯಾಲಿ ಅಂದರೆ ಕಂಪ್ಯೂಟರಿನಲ್ಲಿ. ಹಾಲಿನ ಮೂಲೆಯಲ್ಲಿ ಯಾವುದೋ ಹಳೆ ಕಾರಿನ ಸೀಟು, ಅದನ್ನು ಬಿಗಿದ ಮರದ ಚೌಕಟ್ಟು, ಮುಂದೆ ಸ್ಟೀರಿಂಗು, ಕೆಳಗೆ ಪೆಡಲುಗಳು, ಕಬ್ಬಿಣದ ಪೈಪಿನ ಹ್ಯಾಂಡ್‌ಬ್ರೇಕು. ಕಟ್ಟಿದವನು ಗಂಡ. ಒಂದು ವಾರ ಆಡಿ, ಹೋದ ಕಡೆಯೆಲ್ಲ ಪಲ್ಟಿ ಹೊಡೆದು, "ಇದು ಆಟ ಅಲ್ಲ ಮಾರಾಯ್ತಿ, ಶಿಕ್ಷೆ" ಅಂತ ಕೈಬಿಟ್ಟವನೂ ಅವನೇ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಬರುವ ಅವಳು ತಮಾಷೆಗೆಂದು ಕೂತಳು. ಮೊದಲ ತಿರುವಿನಲ್ಲೇ ಚರಂಡಿಗೆ ಬಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ.

ಅವಳಿಗೆ ಹಿಡಿಸಿದ್ದು ಅದರ ನಿರ್ದಾಕ್ಷಿಣ್ಯ. ಜಲ್ಲಿಯ ಮೇಲೆ ಒಂದು ಹಿಡಿತ, ಕೆಸರಿನ ಮೇಲೆ ಇನ್ನೊಂದು, ಒದ್ದೆ ಎಲೆಯ ಮೇಲೆ ಹಿಡಿತವೇ ಇಲ್ಲ. ಬ್ರೇಕ್ ಒತ್ತಿದರೆ ಕಾರಿನ ಭಾರ ಮೂತಿಗೆ ಬಂದು ಹಿಂಭಾಗ ಹಗುರಾಗಿ ಬೀಸುತ್ತದೆ. ಆ ಬೀಸನ್ನು ತಡೆಯಬಾರದು, ಅದರಿಂದಲೇ ತಿರುವು ದಾಟಬೇಕು. ಗಾಜು ಎಷ್ಟು ಸವೆಯಿತು ಅಂತ ಬೆರಳಿಗೆ ತಿಳಿಯುವ ಹಾಗೆ, ಕಾಲ ಕೆಳಗಿನ ನೆಲ ಸ್ಟೀರಿಂಗಿನ ನಡುಕದಲ್ಲಿ ತಿಳಿಯುತ್ತಿತ್ತು. ತಪ್ಪಿದರೆ ಮತ್ತೆ ಮೊದಲಿನಿಂದ ಅನ್ನುವಂತಿಲ್ಲ. ಚಕ್ರ ಸೊಟ್ಟಗಾದರೆ ಸೊಟ್ಟ ಚಕ್ರದಲ್ಲೇ ಮುಂದಿನ ದಾರಿ.

ಅವಳು ಸೇರಿದ್ದ ಕೂಟದಲ್ಲಿ ಜೋಡಿಗಳಿಗೆ ಮಾತ್ರ ಪ್ರವೇಶ. ಓಟಕ್ಕೆ ಮುಂಚೆ ದಾರಿಯಲ್ಲಿ ಒಮ್ಮೆ ನಿಧಾನವಾಗಿ ಹೋಗಿ ಪ್ರತಿ ತಿರುವಿಗೂ ಒಂದು ಅಂಕಿ ಕೊಟ್ಟು ಬರೆದುಕೊಳ್ಳಬೇಕು. ಒಂದು ಅಂದರೆ ಕತ್ತು ಮುರಿಯುವ ತಿರುವು, ಆರು ಅಂದರೆ ಆಕ್ಸಿಲರೇಟರಿನಿಂದ ಕಾಲೆತ್ತದೆ ಹೋಗಬಹುದಾದದ್ದು. ಓಟದಲ್ಲಿ ಒಬ್ಬರು ಓಡಿಸುವುದು, ಇನ್ನೊಬ್ಬರು ತಿರುವು ಕಣ್ಣಿಗೆ ಬೀಳುವ ಮುಂಚೆಯೇ ಅದನ್ನು ಓದಿ ಹೇಳುವುದು.

"ಬಿಟ್ಟುಬಿಡೋಣ," ಅಂದಳು ಅವಳು. ಗಂಡ ಬೇಡವೆಂದು ತಲೆಯಾಡಿಸಿ, ಕೋಣೆಯ ಕಡೆಗೆ ಬೆರಳು ತೋರಿಸಿದ. ಅಲ್ಲಿ ಅತ್ತೆ ಕೂತು ಬಟ್ಟೆ ಮಡಚುತ್ತಿದ್ದರು.

ಅತ್ತೆ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಅಂತ ಹೇಳುತ್ತಲೇ ಕೂದಲು ನರೆಸಿಕೊಂಡವರು. ನಿವೃತ್ತಿಯಾಗಿ ಈ ಮನೆಗೆ ಬಂದು ವರ್ಷವಾಗುತ್ತ ಬಂದಿತ್ತು. ಅತ್ತೆಗೂ ಸೊಸೆಗೂ ಜಗಳವಿರಲಿಲ್ಲ. ಜಗಳವಾದರೂ ಇದ್ದಿದ್ದರೆ ಮಾತಿರುತ್ತಿತ್ತು. "ನಿನ್ನ ಹೆಂಡತಿಗೆ ಹೇಳು, ಆ ಗುಜರಿ ಹಾಲಿನ ಬೆಳಕೆಲ್ಲ ನುಂಗ್ತಿದೆ" ಅಂತ ಅವರು. "ನಿಮ್ಮಮ್ಮನಿಗೆ ಹೇಳಿ, ಕರ್ಟನ್ ಸರಿಸ್ತೀನಿ" ಅಂತ ಇವಳು. ಈಗ ಅವನ ಗಂಟಲು ಕಟ್ಟಿ, ಮನೆಯೊಳಗಿನ ಟೆಲಿಫೋನ್ ತಂತಿಯೇ ಕಡಿದಂತಾಗಿತ್ತು.

ಅವಳೇ ಬಾಗಿಲಿಗೆ ಹೋಗಿ ನಿಂತಳು. ವಿಷಯ ಹೇಳಿದಳು. ಅತ್ತೆ ಕೈಲಿದ್ದ ಟವೆಲನ್ನು ಪೂರ್ತಿ ಮಡಚಿಟ್ಟು ಎದ್ದರು. "ಹಾಳೆ ಎಲ್ಲಿ?"

ಅಭ್ಯಾಸಕ್ಕೆಂದು ಹಳೆಯದೊಂದು ರಸ್ತೆ ತೆಗೆದರು. ಅತ್ತೆ ಮೈಕಿನ ಮುಂದೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿ ಶುರುಮಾಡಿದರು. "ಮುಂದೆ ಎಡಭಾಗಕ್ಕೆ ಮೂರನೇ ಅಂಕಿಯ ತಿರುವು ಇರುತ್ತದೆ..." ವಾಕ್ಯ ಮುಗಿಯುವಷ್ಟರಲ್ಲಿ ಕಾರು ಮರವನ್ನು ತಬ್ಬಿಕೊಂಡಿತ್ತು. ಗಂಡ ಸದ್ದಿಲ್ಲದೆ ನಕ್ಕು ಕೆಮ್ಮಿದ. ಅತ್ತೆ ನಗಲಿಲ್ಲ.

"ಗಾಡಿ ಹೋದ್ಮೇಲೆ ಅನೌನ್ಸ್ ಮಾಡಿದ ಹಾಗಾಯ್ತು. ಎಷ್ಟು ಮುಂಚೆ ಬೇಕು ನಿನಗೆ?"

"ಒಂದು ತಿರುವಿನೊಳಗೆ ಇರುವಾಗ ಮುಂದಿನದು ಕಿವೀಲಿ ಇರಬೇಕು ಅತ್ತೆ. ಎಡ ಮೂರು, ಅಷ್ಟೇ ಸಾಕು."

ಮತ್ತೊಮ್ಮೆ, ಇನ್ನೊಮ್ಮೆ. ಊಟದ ಹೊತ್ತಿಗೆ ಅವರ ದನಿ ಹದಕ್ಕೆ ಬಂದಿತ್ತು. ಆದರೆ ಅವಳ ಎದೆ ಹದಕ್ಕೆ ಬಂದಿರಲಿಲ್ಲ. ಗಂಡನಾದರೆ ತಪ್ಪಿದರೂ ಬೈಯಬಹುದು. ಇವರು ತಪ್ಪಿದರೆ?

ಓಟ ಶುರುವಾಯಿತು. ಬೆಟ್ಟದ ಕಾಡುದಾರಿ, ಆಗಷ್ಟೇ ನಿಂತ ಮಳೆ. ಒಬ್ಬೊಬ್ಬರಾಗಿ ಹೊರಡಬೇಕು, ಎಲ್ಲರಿಗೂ ಒಂದೇ ಅವಕಾಶ. ಮುಂದೆ ಹೋದವರಲ್ಲಿ ಆಗಲೇ ಕೆಲವರ ಹೆಸರಿನ ಎದುರು ‘ಔಟ್’ ಅಂತ ಬಿದ್ದಿತ್ತು. ಅವಳ ಸರದಿ ಬಂತು.

"ಬಲ ಐದು. ಎಡ ನಾಲ್ಕು, ಒಳಗೆ ಕಲ್ಲು. ಬಲ ಮೂರು, ಕಿರಿದಾಗುತ್ತೆ."

ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. ಜಲ್ಲಿ ಸಿಡಿಯಿತು, ಕಾರು ಒಂದು ತಿರುವಿನಿಂದ ಇನ್ನೊಂದಕ್ಕೆ ಓಲಾಡುತ್ತ ಹೋಯಿತು. ಚೆನ್ನಾಗಿಯೇ ಹೋಗುತ್ತಿತ್ತು.

"ದಿಬ್ಬ ಆದ್ಮೇಲೆ ಎಡ ಎರಡು."

ಎರಡಲ್ಲ, ನಾಲ್ಕು. ಅವಳಿಗೆ ಚೆನ್ನಾಗಿ ನೆನಪಿತ್ತು, ಇಲ್ಲಿ ನಾಲ್ಕು ಅಂತ ತಾನೇ ಗಂಡನಿಗೆ ಬರೆಸಿದ್ದಳು. ಕಾಲು ಬ್ರೇಕಿನ ಮೇಲೆ ಅರ್ಧ ಹೋಗಿ ವಾಪಸ್ಸು ಬಂತು. ದಿಬ್ಬ ಹತ್ತಿ ನೋಡಿದರೆ ರಸ್ತೆ ಎಡಕ್ಕೆ ಮಡಚಿಕೊಂಡೇ ಬಿಟ್ಟಿದೆ, ಅತ್ತೆ ಓದಿದ ಹಾಗೆ ಎರಡೇ. ಹ್ಯಾಂಡ್‌ಬ್ರೇಕ್ ಎಳೆದಳು. ಹಿಂಭಾಗ ಬೀಸಿ ದಡಾರನೆ ಬಂಡೆಗೆ ಬಡಿಯಿತು, ಮೂತಿ ಮಣ್ಣಿನ ದಿಣ್ಣೆಗೆ ಗುದ್ದಿತು. ಸ್ಟೀರಿಂಗು ಕೈಯನ್ನೇ ಕಿತ್ತುಕೊಳ್ಳುವಷ್ಟು ಜೋರಾಗಿ ಅದುರಿತು.

ಹಿಂದಕ್ಕೆ ತೆಗೆದು, ತಿರುಗಿಸಿ ಹೊರಟಳು. ಕಾರು ಈಗ ಬಲಕ್ಕೆಳೆಯುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಇವಳು ಎಡಕ್ಕೆ, ಅದು ಬಲಕ್ಕೆ. ರೇಡಿಯೇಟರ್ ಒಡೆದು ಇಂಜಿನ್ನಿನ ಶಾಖದ ಮುಳ್ಳು ಮೆಲ್ಲಗೆ ಏರತೊಡಗಿತು. ಅವಳು ಬೈಗುಳಕ್ಕೆ ಕಾದಳು. ‘ಹೇಳಿದ್ನಲ್ಲ’ ಅಂತ ಒಂದು ಮಾತಿಗೆ.

"ಬಲ ನಾಲ್ಕು. ನೇರ. ಎಡ ಐದು," ಅಂದರು ಅತ್ತೆ, ಏನೂ ಆಗಿಲ್ಲವೆಂಬಂತೆ. ಅವಳಿಗೆ ಮುಖ ಬಿಸಿಯಾಯಿತು.

ಬೆಟ್ಟದ ನೆತ್ತಿಯಲ್ಲಿ ಮಂಜು ಮುಸುಕಿತು. ಕಾರಿನ ಮೂತಿಯಾಚೆ ಬಿಳಿ ಗೋಡೆ, ಅಷ್ಟೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ರಸ್ತೆ ಇಲ್ಲ. ಇಲ್ಲಿ ಯಾರೇ ಆದರೂ ಕಾಲು ಹಿಂದೆಗೆಯುತ್ತಾರೆ.

"ದಿಬ್ಬ, ಆರು. ಕಾಲೆತ್ತಬೇಡ."

ಕಾಲೆತ್ತಲಿಲ್ಲ. ಕಾರು ನೆಲ ಬಿಟ್ಟಿತು. ಸ್ಟೀರಿಂಗು ಕೈಯಲ್ಲಿ ಸತ್ತಂತೆ ಹಗುರಾಯಿತು. ಬಿಳಿಯೊಳಗೆ ತೇಲುವಾಗ ಅವಳಿಗೆ ಕೇಳಿಸಿದ್ದು ಪಕ್ಕದ ಉಸಿರು ಮಾತ್ರ. ಇಳಿದ ಕಡೆ ರಸ್ತೆಯಿತ್ತು.

"ಬಲ ಐದು. ಎಡ ಐದು. ಬಲ ಮೂರು, ಈಗ."

ಅವಳು ನೋಡುವುದನ್ನೇ ಬಿಟ್ಟಳು. ಕೇಳಿದಳು, ತಿರುಗಿಸಿದಳು. ಎಷ್ಟೋ ಓಟಗಳಲ್ಲಿ ಹುಡುಕಿದ್ದು ಇದನ್ನೇ ಇರಬೇಕು ಅನ್ನಿಸಿತು. ಭಯ ಹೋಗಿರಲಿಲ್ಲ, ಆದರೆ ಕೈಗೆ ಅಡ್ಡ ಬರುತ್ತಿರಲಿಲ್ಲ.

ಆಮೇಲೆ ದನಿ ನಿಂತಿತು.

ಹಾಳೆ ಸರಿದ ಸದ್ದು. ಒಂದು ಕ್ಷಣ, ಇನ್ನೊಂದು.

"ಮುಂದಿನದು ಓದೋಕಾಗ್ತಿಲ್ಲ. ಬರೆದು ಅಳಿಸಿ ಮತ್ತೆ ಬರೆದಿದ್ದಾನೆ. ಎಡ ಅಂತ ಮಾತ್ರ ಇದೆ. ನಿಧಾನ ಮಾಡು."

ಗಂಡ ಕುರ್ಚಿಯಿಂದೆದ್ದು ಬಂದು ಹಾಳೆಯ ಮೇಲೆ ಬಗ್ಗಿದ. ಬಾಯಿ ಆಡಿಸಿದ, ಪಿಸುಗುಟ್ಟಲೂ ಆಗಲಿಲ್ಲ. ಐದು ಬೆರಳು ತೋರಿಸಿದ, ಮತ್ತೆ ಕೈ ಆಡಿಸಿ ಗೊತ್ತಿಲ್ಲವೆಂದ.

"ಅವನಿಗೂ ಗೊತ್ತಿಲ್ಲ," ಅಂದರು ಅತ್ತೆ. "ನಿಧಾನ."

ಐದಾದರೆ ನಿಧಾನ ಮಾಡಿದ್ದಕ್ಕೆ ಹೊತ್ತು ದಂಡ. ಮೊದಲೇ ಹಿಂದೆ ಬಿದ್ದಾಗಿದೆ. ಅವಳು ಪೂರ್ತಿ ಬ್ರೇಕ್ ಒತ್ತಿದಳು. ಜಲ್ಲಿ ಕೊರೆದು ಕಾರು ಕುಂಟುತ್ತ ತೆವಳಿತು. ಮಂಜಿನಿಂದ ಒಂದು ಮುರಿದ ಬೇಲಿ ಹೊರಬಂತು, ಅದರಾಚೆ ಏನೂ ಇರಲಿಲ್ಲ. ಐದಲ್ಲ, ಎಡ ಒಂದು. ಬೇಲಿಯ ಪಕ್ಕ ಕಾರುಗಳು ಜಾರಿಹೋದ ಗೀರುಗಳಿದ್ದವು. ಚಕ್ರದ ಒಂದು ಅಂಚು ಗಾಳಿಯಲ್ಲಿ, ಒಂದು ಅಂಚು ನೆಲದಲ್ಲಿ ಇಟ್ಟುಕೊಂಡೇ ದಾಟಿದಳು. ಗಂಡ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡ.

ಕೊನೆಯ ಇಳಿಜಾರಿನಲ್ಲಿ ಶಾಖದ ಮುಳ್ಳು ಕೆಂಪಿಗೆ ತಾಗಿತು. ಇಂಜಿನ್ ಕೆಮ್ಮಿತು. ಅತ್ತೆ ಓದುತ್ತಲೇ ಇದ್ದರು. ಅವಳು ಗೇರ್ ತಪ್ಪಿಸಿ, ಇಂಜಿನ್ನಿಗೆ ಉಸಿರು ಕೊಡುತ್ತ ಉರುಳಲು ಬಿಟ್ಟಳು. ಗುರಿಯ ಗೆರೆ ದಾಟಿದ ಮೇಲೆ ಬಾನೆಟ್ಟಿನಿಂದ ಹೊಗೆ ಎದ್ದಿತು.

ಗೆಲ್ಲುವ ಮಾತೇ ಇರಲಿಲ್ಲ. ಹೊರಟವರಲ್ಲಿ ಅರ್ಧಕ್ಕರ್ಧ ಜನ ಬೆಟ್ಟದಲ್ಲೇ ಉಳಿದಿದ್ದರಿಂದ ಇವರು ಪಟ್ಟಿಯ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರು. ಅವಳು ಸ್ಟೀರಿಂಗಿನಿಂದ ಕೈ ತೆಗೆದು ಸೀಟಿಗೊರಗಿದಳು.

ಅತ್ತೆ ಹಾಳೆಗಳನ್ನು ಜೋಡಿಸಿದರು. "ಆ ಎಡ ಎರಡು ನಿನಗೆ ಕೇಳಿಸ್ಲಿಲ್ವಾ?"

ಕೇಳಿಸಲಿಲ್ಲ ಅಂದರೆ ಹಾವೂ ಸಾಯದು, ಕೋಲೂ ಮುರಿಯದು. "ಕೇಳಿಸ್ತು ಅತ್ತೆ. ನಂಬಲಿಲ್ಲ."

ಅತ್ತೆ ಅಳಿಸಿ ಬರೆದ ಹಾಳೆಯನ್ನು ಹುಡುಕಿ ಮೇಲಕ್ಕಿಟ್ಟರು. "ನಾನು ಓದೋಕಾಗ್ತಿಲ್ಲ ಅಂದಾಗ?"

"ಅದನ್ನ ನಂಬಿದೆ."

"ಹ್ಞೂಂ." ಅವರು ಮಗನ ಕಡೆ ತಿರುಗಿದರು. "ಏನೋ ಇದು ಅಕ್ಷರ, ಕೋಳಿ ಕೆದರಿದ ಹಾಗೆ? ಮುಂದಿನ ಸಲದ ದಾರಿ ನಾನೇ ಬರೆದುಕೊಳ್ತೀನಿ."

ಮುಂದಿನ ರ‍್ಯಾಲಿಯ ಮೊದಲ ಓಟದ ದಾರಿ ಆಗಲೇ ತೆರೆದಿತ್ತು. ಚಹಾ ಕುಡಿದು, ಅತ್ತೆ ಕುರ್ಚಿಯನ್ನು ಸೀಟಿನ ಪಕ್ಕಕ್ಕೆ ಎಳೆದುಕೊಂಡು ಪೆನ್ಸಿಲ್ ಚೂಪು ಮಾಡಿದರು. ಅವಳು ಮೊದಲ ತಿರುವನ್ನು ಮೆಲ್ಲಗೆ ದಾಟಿ, "ಬಲ ನಾಲ್ಕು," ಅಂದಳು.

"ಮೂರು."

"ಇಲ್ಲ ಅತ್ತೆ, ಇದು ನಾಲ್ಕೇ. ನಾನು ಓಡಿಸೋದಲ್ವಾ?"

"ಹಿಂದಕ್ಕೆ ತಗೋ. ಇನ್ನೊಂದ್ಸಲ ನೋಡೋಣ."

ಅವಳು ಗೇರ್ ಬದಲಿಸಿ ಕಾರನ್ನು ಹಿಂದಕ್ಕೆ ತೆಗೆದಳು.