ನಾಲ್ಕು ಹಸಿರು ಚುಕ್ಕೆ

ಹಿಮ್ಮಡಿ ತಾಗಿ ಗುಂಡಿ ಒತ್ತಿಹೋಯಿತೋ ಏನೋ, ಸೀಟಿನ ಕೆಳಗೆ ನಾಲ್ಕು ಹಸಿರು ಚುಕ್ಕೆ ಹೊತ್ತಿಕೊಂಡವು, ಪಾದದ ಬದಿಗೆ ತುಸು ಹಸಿರು ಬಿತ್ತು, ಎಷ್ಟು ಮುದ್ದಾದ ಬೆಳಕು, ಮಕ್ಕಳ ಆಟಿಕೆಯ ಹಾಗೆ, ತಾನಾಗಿಯೇ ಆರಿಯೂ ಹೋಯಿತು — ಹೊರಗೆ ಗಂಡ ಕೂಗುತ್ತಿದ್ದಾನೆ, ಒತ್ತೇ, ಒತ್ತು, ಏನ್ ನೋಡ್ತಾ ಕೂತಿದೀಯಾ, ಅವಳು ಒತ್ತಿದಳು, ಕೆಸರಿನಿಂದ ಜೀಪು ಎಳೆಯುವ ವಿಂಚಿನ ರಿಮೋಟನ್ನು ಕಿಟಕಿಯಾಚೆ ಹಿಡಿದು ಅವನ ಕಣ್ಣಿಗೆ ಬೀಳುವ ಹಾಗೆಯೇ ಒತ್ತಿದಳು, ಬಂಪರಿನ ಹತ್ತಿರ ಟಕ್ ಎಂದಿತು, ಅಷ್ಟೇ, ಉಕ್ಕಿನ ಹಗ್ಗ ಸುತ್ತಿಕೊಂಡ ಉರುಳೆ ಮಿಸುಕಲಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಅವನೇ ಕೂರಿಸಿದ ವೋಲ್ಟ್ ಮೀಟರಿನ ಮುಳ್ಳು ಎಡಕ್ಕೆ ವಾಲಿ ಮಲಗಿತು. ಕೀ ತಿರುಗಿಸು. ತಿರುಗಿಸಿದಳು. ಅದೂ ಟಕ್. ಬ್ಯಾಟರಿ ಪೂರ್ತಿ ಹೋಗಿದೆ ರೀ, ಎಂದಳು, ದನಿಯಲ್ಲಿ ಎಷ್ಟು ಬೇಕೋ ಅಷ್ಟು ಗಾಬರಿ ಬೆರೆಸಿ, ಸಾರಿಗೆ ಉಪ್ಪು ಹಾಕಿದ ಹಾಗೆ. ಜೀಪಿನ ಮುಂದಿನ ಚಕ್ರ ಅವನ ಎಡಗಾಲಿನ ಮೇಲೆ ಕೂತಿದೆ, ಮೊಣಕಾಲಿನಿಂದ ಕೆಳಗೆ ಏನೂ ಕಾಣದು, ಕೆಸರು, ಹಲಗೆಯ ಒಂದು ತುದಿ, ಮತ್ತೆ ಕೆಸರು, ಬಿಡಿಸಬೇಕೆಂದರೆ ವಿಂಚು ಒಂದು ಗೇಣು ಎಳೆದರೆ ಸಾಕು, ಒಂದೇ ಗೇಣು, ಆಚೆ ಹೊಳೆ ಸಮುದ್ರಕ್ಕೆ ಸೇರುವಲ್ಲಿ ಬೆಳ್ಳಗೆ ಒಂದು ಗೆರೆ ಎದ್ದಿದೆ. ಉಬ್ಬರದ ನೀರು. ಸಂಜೆಯೊಳಗೆ ಇಲ್ಲೆಲ್ಲ ಎದೆಮಟ್ಟ ನಿಲ್ಲುತ್ತದೆ ಎಂದು ಬೆಳಿಗ್ಗೆ ಹೇಳಿದ್ದೂ ಅವನೇ.

ಅವಳಿಗೆ ಬ್ಯಾಟರಿಯ ವಿಷಯ ಏನು ಗೊತ್ತು ಎನ್ನುವವರು ಅವಳ ಮನೆಗೆ ಒಮ್ಮೆ ಊಟಕ್ಕೆ ಬರಬೇಕು. ವಿಂಚ್ ಅನ್ನೋದು ಕರೆಂಟನ್ನ ಕೊಡ ಎತ್ತಿ ಗಟಗಟ ಕುಡಿಯುತ್ತೆ, ಎಂಜಿನ್ ಚಮಚದಲ್ಲಿ ತುಂಬುತ್ತೆ, ಅದಕ್ಕೇ ಎಂಜಿನ್ ಓಡ್ತಾನೇ ಇರಬೇಕು, ಆಕ್ಸಿಲರೇಟರ್ ಮೇಲೆ ಕಾಲಿರಬೇಕು, ಲೈಟು, ಏಸಿ, ಹಾಡು ಎಲ್ಲ ಬಂದ್, ಸ್ವಲ್ಪ ಎಳಿ, ನಿಲ್ಲಿಸು, ತುಂಬ್ಕೊಳ್ಳೋಕೆ ಬಿಡು, ಆಮೇಲೆ ಮತ್ತೆ ಎಳಿ — ನೆಂಟರ ಮುಂದೆ, ಗೆಳೆಯರ ಮುಂದೆ, ಪಾಪ ನಲ್ಲಿ ರಿಪೇರಿಗೆ ಬಂದವನ ಮುಂದೆ ಕೂಡ ಗಂಡನದು ಇದೇ ಪಾಠ, ಅವಳು ಬಡಿಸುತ್ತ ಬಡಿಸುತ್ತಲೇ ಅದನ್ನೆಲ್ಲ ಅರೆದು ಕುಡಿದಿದ್ದಾಳೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾಳೆ, ಕೇಳುವವರು ಯಾರು. ಇವತ್ತು ಬಂದದ್ದೂ ಅದೇ ಪಾಠಕ್ಕೆ. ಜೀಪನ್ನು ಬೇಕೆಂದೇ ಕೆಸರಿಗಿಳಿಸಿ, ಹಗ್ಗವನ್ನು ದಡದ ಮರಕ್ಕೆ ಕಟ್ಟಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೂದಲು ತೀಡಿಕೊಂಡು, ಸ್ನೇಹಿತರೇ, ನಿಮ್ಮ ಕ್ಯಾಪ್ಟನ್ ಮತ್ತೆ ಬಂದಿದ್ದಾನೆ, ಇವತ್ತಿನ ವಿಷಯ, ವಿಂಚ್ ಎಳೆಯುವಾಗ ಬ್ಯಾಟರಿ ಉಳಿಸುವುದು ಹೇಗೆ. ಮೊದಲ ಸಲದ ವಿಡಿಯೋದಲ್ಲಿ ಎಂಜಿನ್ ಸದ್ದಿಗೆ ಕ್ಯಾಪ್ಟನ್ನರ ಮಾತೇ ಕೇಳಿಸಲಿಲ್ಲ, ಫೋನ್ ಕಿವಿಗಿಟ್ಟುಕೊಂಡವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು, ಎಂಜಿನ್ ಆಫ್ ಮಾಡು, ಅವಳು ಬಾಯಿ ತೆರೆದಳು, ನಿಜಕ್ಕೂ ತೆರೆದಳು, ರೀ, ಎಂಜಿನ್ ಆಫ್ ಮಾಡಿ ವಿಂಚ್ — ನಿನ್ನ ಕೇಳಿದ್ನಾ? ಇಲ್ಲ. ಕೇಳಿರಲಿಲ್ಲ. ಬಾಯಿಗೆ ಬೀಗ ಹಾಕಿ ಕೀ ತಿರುಗಿಸಿದಳು. ಹೆಡ್‌ಲೈಟ್ ಹಾಕು, ಲುಕ್ ಬರುತ್ತೆ. ಹಾಕಿದಳು. ಎಳಿ. ಎಳೆದಳು. ಬಿಡು, ವಾಪಸ್ ಇಳಿಸು, ಇನ್ನೊಂದು ಸಲ, ನನ್ನ ಕೂದಲು ಹಾರ್ತಿತ್ತು. ಇಳಿಸಿದಳು. ಮತ್ತೆ ಎಳೆದಳು. ಆಕ್ಸಿಲರೇಟರ್ ಮೇಲೆ ಕಾಲಿರಬೇಕು ಸ್ನೇಹಿತರೇ, ಎಂದು ಸತ್ತ ಎಂಜಿನ್ನಿನ ಮುಂದೆ ನಿಂತು ಬೆರಳೆತ್ತಿ ಹೇಳುತ್ತಿದ್ದಾನೆ, ಬ್ಯಾಟರಿ ಉಳಿಸುವ ಪಾಠ ಹೇಳುತ್ತಲೇ ಬ್ಯಾಟರಿಯ ಕತ್ತು ಹಿಸುಕುತ್ತಿದ್ದಾನೆ, ಅವಳಿಗೆ ನಗು ಒತ್ತರಿಸಿ ಬಂತು, ತಡೆದುಕೊಂಡಳು, ಒಂದೊಂದು ಎಳೆತಕ್ಕೂ ವಿಂಚಿನ ದನಿ ದಪ್ಪವಾಗುತ್ತ ಬಂತು, ಮುಳ್ಳು ಒಂದೊಂದು ಗೆರೆ ಇಳಿಯುತ್ತ ಬಂತು, ಹಾಲು ಉಕ್ಕುವುದನ್ನು ಒಲೆಯ ಪಕ್ಕದಲ್ಲೇ ಕೂತು ನೋಡಿದ ಹಾಗೆ ನೋಡಿದಳು, ಕೈ ಚಾಚಿದರೆ ಆರಿಸಬಹುದಿತ್ತು. ಚಾಚಲಿಲ್ಲ. ಕಡೆಯ ಸಲ ಚಕ್ರ ಗುಂಡಿಯಿಂದ ಎದ್ದಾಗ ಅವನು ಹಲಗೆಯನ್ನು ಅದರ ಹಿಂದೆ ತುರುಕಿ, ಕಾಲಿನಿಂದ ಒದ್ದು ಒಳಗೆ ತಳ್ಳುತ್ತ, ಹಗ್ಗ ಚೂರು ಬಿಡು, ಹಲಗೆ ಮೇಲೆ ಕೂರಲಿ, ಎಂದ. ಬಿಟ್ಟಳು. ಕಾಲು ಇನ್ನೂ ಒಳಗಿದ್ದದ್ದು ಕಂಡಿತ್ತೇ? ಕಂಡಿತ್ತು. ಬಿಡು ಎಂದವನು ಅವನೇ ಅಲ್ಲವೇ, ಹೇಳಿದಷ್ಟು ಮಾಡು ಎಂದೇ ಅಲ್ಲವೇ ಮದುವೆಯಾದಾಗಿನಿಂದ ಕಲಿಸಿದ್ದು.

ಮರಳು. ಅದೂ ಮಧ್ಯಾಹ್ನವೇ, ಕಳೆದ ವರ್ಷ, ಹೊಳೆಯ ದಂಡೆ, ಮುಂದೆ ಹೋಗಿ ನಿಂತ್ಕೋ, ಫ್ರೇಮಲ್ಲಿ ಯಾರಾದ್ರೂ ಇದ್ರೆ ಗಾಡಿ ದೊಡ್ಡದಾಗಿ ಕಾಣುತ್ತೆ, ಅವಳು ನಿಂತಳು, ನಿಂತ ನೆಲ ಗಂಜಿಯ ಹಾಗೆ ಸಡಿಲವಾಯಿತು, ಪಾದ, ಮೊಣಕಾಲು, ತೊಡೆ, ತಣ್ಣಗಿನ ಮರಳು ನೈಟಿಯಷ್ಟು ಸಲೀಸಾಗಿ ಮೈಗೆ ಏರಿಕೊಂಡಿತು, ಸೊಂಟ, ಅವಳು ಚೀರಿದಳು, ರೀ, ಕೈ ಕೊಡಿ ರೀ, ಅವನು ಒಂದು ಹೆಜ್ಜೆ ಮುಂದೆ ಬಂದ, ಫೋನು ಹಿಡಿದುಕೊಂಡು, ಹತ್ತಿರದಿಂದ ಚೆನ್ನಾಗಿ ಬರಲೆಂದು. ಅಳ್ಬೇಡ ಕಣೆ, ಅತ್ರೆ ಯಾರ್ ನೋಡ್ತಾರೆ, ಸ್ವಲ್ಪ ನಗು, ನಕ್ಕರೆ ತೆಗೀತೀನಿ. ನಕ್ಕಳು. ಮೂಗು ಸೋರುತ್ತಿತ್ತು, ಹಲ್ಲಿಗೆ ಮರಳು ಮೆತ್ತಿತ್ತು, ಹಾಗೆಯೇ ನಕ್ಕಳು, ಇನ್ನೂ ಸ್ವಲ್ಪ, ಎಂದ, ಇನ್ನೂ ಸ್ವಲ್ಪ ನಕ್ಕಳು. ಅವನ ಎಲ್ಲ ವಿಡಿಯೋಗಳಲ್ಲಿ ಜನ ಅತಿ ಹೆಚ್ಚು ನೋಡಿದ್ದು ಅದನ್ನೇ, ಕೆಸರುರಾಣಿ ಎಂದು ಅವಳಿಗೆ ಹೆಸರಿಟ್ಟವರು ಯಾರೋ ಗುರುತು ಪರಿಚಯವಿಲ್ಲದವರು, ನಾದಿನಿಯ ಮಗನ ಹುಟ್ಟುಹಬ್ಬದಲ್ಲಿ ದೊಡ್ಡ ಟೀವಿಗೆ ಹಾಕಿದ, ಕೇಕು ತಿನ್ನುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ನಾದಿನಿ ಹೊಟ್ಟೆ ಹಿಡಿದುಕೊಂಡು, ಅತ್ತಿಗೆ, ನೀವು ಎಷ್ಟು ಚೆನ್ನಾಗಿ ನಗ್ತೀರಾ. ಅವಳ ಅಮ್ಮನೂ ನಕ್ಕಳು. ನಮ್ಮ ಅಳಿಯಂದಿರು ತಮಾಷೆ ಮನುಷ್ಯ. ಆ ದಿನ ಅವಳ ಒಳಗೆ ಏನು ಸತ್ತಿತು ಎಂದು ಯಾರೂ ವಿಚಾರಿಸಲಿಲ್ಲ, ಅವಳೂ ವಿಚಾರಿಸಿಕೊಳ್ಳಲಿಲ್ಲ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ತೊಳೆಯಲು ಒಯ್ದಳು.

ಬೂಸ್ಟರ್, ಅವನು ಕೂಗುತ್ತಿದ್ದಾನೆ, ಏ, ಬೂಸ್ಟರ್ ಎಲ್ಲಿದೆ, ನಿನ್ನೆ ಚಾರ್ಜಿಗೆ ಹಾಕು ಅಂದಿದ್ನಲ್ಲ, ಅದರ ಕ್ಲಿಪ್ ಬ್ಯಾಟರಿಗೆ ಹಾಕಿದ್ರೆ ಎಂಜಿನ್ ಸ್ಟಾರ್ಟ್ ಆಗುತ್ತೆ, ಸ್ಟಾರ್ಟ್ ಆದ್ರೆ ವಿಂಚ್ ಎಳೆಯುತ್ತೆ, ಎಲ್ಲೇ ಇಟ್ಟಿದೀಯಾ. ಇಟ್ಟಿಗೆಯಷ್ಟು ಗಾತ್ರದ ಕಪ್ಪು ಡಬ್ಬಿ. ಹಾಕಿದ್ದಳು, ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಮಿನುಗುತ್ತ ಇತ್ತು, ಬೆಳಿಗ್ಗೆ ಗುಂಡಿ ಒತ್ತಿ ನೋಡಿದ್ದಳು, ನಾಲ್ಕೂ ಹಸಿರು, ತುಂಬಿದೆ, ಒರೆಸಿ ತಂದು ತನ್ನ ಸೀಟಿನ ಕೆಳಗೆ ತಾನೇ ಇಟ್ಟಿದ್ದಳು, ಅಲ್ಲೇ ಇದೆ, ಹಿಮ್ಮಡಿಗೆ ತಾಗಿಕೊಂಡು, ಬೆಕ್ಕು ಕಾಲಿಗೊರಗಿ ಕೂತ ಹಾಗೆ. ಮರೆತೆ ರೀ, ಎಂದಳು. ಮನೆಯಲ್ಲೇ ಬಿಟ್ಟು ಬಂದೆ. ಎರಡು ಮಾತಿಲ್ಲದೆ ನಂಬಿದ, ಒಂದು ಚೂರು ಅನುಮಾನ ಪಡಲಿಲ್ಲ, ಅದೇ ಅವಳಿಗೆ ಚುರುಕ್ಕೆಂದಿತು, ಪೆದ್ದಿ, ದರಿದ್ರದವಳೇ, ಒಂದು ಕೆಲಸ, ಒಂದೇ ಒಂದು ಕೆಲಸ ಹೇಳಿದ್ದೆ, ನಿನ್ನ ತಲೆಯಲ್ಲಿ ಇರೋದು ಹೊಟ್ಟು — ಬೈಗುಳ ನಡುವೆಯೇ ನಿಂತಿತು, ಏಕೆಂದರೆ ನೀರು ಬಂತು. ಸದ್ದಿಲ್ಲದೆ ಬಂತು, ಚಕ್ರದ ಸುತ್ತ ನೊರೆಯ ಬಳೆ ತೊಡಿಸಿ ಹಿಂದೆ ಸರಿದು, ಮತ್ತೆ ಬಂತು. ಅವನು ಕೂತಲ್ಲಿಂದ ಮೊಣಕೈ ಎತ್ತಿಕೊಂಡ. ನೋಡು, ನೀರು, ಎಂದ, ದನಿಯೇ ಬೇರೆ, ಆ ದನಿಯನ್ನು ಅವಳು ಇಷ್ಟು ವರ್ಷದಲ್ಲಿ ಕೇಳಿದ್ದೇ ಇಲ್ಲ, ಓಡಿಹೋಗಿ ಯಾರನ್ನಾದ್ರೂ ಕರ್ಕೊಂಡ್ ಬಾ, ಎಲ್ಲಿಗೆ ರೀ, ರಸ್ತೆಗೆ ಹೋಗಿ ಬರೋಷ್ಟರಲ್ಲಿ ನೀರು ಏರುತ್ತೆ, ಫೋನಿಗೆ ಸಿಗ್ನಲ್ಲೂ ಇಲ್ಲ, ಯಾರೂ ಬರದ ಜಾಗ ಬೇಕು ಅಂತ ಹುಡುಕಿದ್ದು ನೀವೇ ಅಲ್ವಾ. ಹೀಗೆ ಸಮಾಧಾನವಾಗಿ ಮಾತಾಡಲು ಬರುತ್ತದೆಂದು ತನಗೇ ಗೊತ್ತಿರಲಿಲ್ಲ. ಭಯವಾಗಬೇಕಿತ್ತು, ಕರುಣೆಯಾದರೂ, ಇವನಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈಗಳೇ ಅಲ್ಲವೇ ಇವು, ಹುಡುಕಿದಳು, ಎಲ್ಲ ಕಡೆ ತಡಕಿದಳು, ಒಳಗೆ ಏನೂ ಇರಲಿಲ್ಲ, ಗುಡಿಸಿಟ್ಟ ಕೋಣೆ. ಈಗ ಇಳಿಯಬೇಕು, ಬಾನೆಟ್ ಎತ್ತಬೇಕು, ಕೆಂಪು ಕ್ಲಿಪ್ಪು, ಕಪ್ಪು ಕ್ಲಿಪ್ಪು, ಕೀ, ಆಕ್ಸಿಲರೇಟರ್ ಮೇಲೆ ಕಾಲು, ಸ್ವಲ್ಪ ಎಳಿ, ಹಾಲು ಕಾಯಿಸುವಷ್ಟು ಹೊತ್ತೂ ಬೇಡ. ನೀರು ಅವನ ಸೊಂಟಕ್ಕೆ ಬಂದಿತ್ತು.

ಸ್ಟ್ಯಾಂಡಿನ ಮೇಲೆ ಫೋನು ಇನ್ನೂ ನೋಡುತ್ತಿದೆ, ಕೆಂಪು ಚುಕ್ಕೆ ಮಿನುಗುತ್ತಿದೆ, ಮರೆತೆ ರೀ ಎಂದದ್ದೂ ಅದರೊಳಗೆ ಹೋಗಿದೆ, ಹೋಗಲಿ, ಅದಕ್ಕೂ ನೀರು ಬರುತ್ತದೆ. ಏನಾದ್ರೂ ಮಾಡೇ, ಎನ್ನುತ್ತಿದ್ದಾನೆ, ಅಳುತ್ತಿದ್ದಾನೆ, ಕ್ಯಾಪ್ಟನ್ ಅಳುತ್ತಿದ್ದಾನೆ ಸ್ನೇಹಿತರೇ, ಕಾಲು ಕತ್ತರಿಸಿದ್ರೂ ಪರವಾಗಿಲ್ಲ, ಏನಾದ್ರೂ ಮಾಡು, ನಿಂಗೆ ಕೈ ಮುಗೀತೀನಿ, ನಿಜವಾಗಿಯೂ ಮುಗಿದ, ಎರಡೂ ಅಂಗೈಯಿಂದ ಕೆಸರು ತೊಟ್ಟಿಕ್ಕಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಅಳ್ಬೇಡಿ ರೀ, ಎಂದಳು, ಮಗುವಿಗೆ ಹೇಳಿದ ಹಾಗೆ. ಸ್ವಲ್ಪ ನಗಿ. ನಕ್ಕರೆ ತೆಗೀತೀನಿ. ಅವನು ಬಾಯಿ ಮುಚ್ಚಿದ, ಅವಳನ್ನು ನೋಡಿದ, ಈಗ ತಿಳಿಯಿತು ಅವನಿಗೆ, ಡಬ್ಬಿ ಎಲ್ಲಿದೆ ಎಂದು ತಿಳಿಯಿತು, ಮತ್ತೆ ಆ ಬಾಯಿ ನಿಧಾನವಾಗಿ ಅಗಲವಾಯಿತು, ಮೂಗು ಸೋರುತ್ತಿದೆ, ಹಲ್ಲಿಗೆ ಕೆಸರು ಮೆತ್ತಿದೆ, ನಕ್ಕ, ಇನ್ನೂ ಸ್ವಲ್ಪ, ಎಂದಳು, ಇನ್ನೂ ಸ್ವಲ್ಪ ನಕ್ಕ, ಎಷ್ಟು ಚೆನ್ನಾಗಿ ನಗುತ್ತಾನೆ, ತೆಗೆಯಬೇಕು, ಮಾತು ಕೊಟ್ಟಾಗಿದೆ, ಕೈ ಬಾಗಿಲಿನ ಹಿಡಿಯ ಮೇಲಿದೆ, ಇಳಿಯಬೇಕು, ಇಳಿಯುತ್ತಾಳೆ, ಈಗ ಇಳಿಯುತ್ತಾಳೆ, ಹಿಮ್ಮಡಿ ತಾನಾಗಿಯೇ ಗುಂಡಿ ಒತ್ತಿತು, ನಾಲ್ಕು ಹಸಿರು ಚುಕ್ಕೆ, ಆರಿದವು, ಒತ್ತಿದಳು, ನಾಲ್ಕು, ಆರಿದವು, ಒತ್ತಿದಳು, ನಾಲ್ಕೂ ಹಸಿರು, ಪೂರ್ತಿ ತುಂಬಿದೆ, ಒಂದು ಚುಕ್ಕೆಯೂ ಕಮ್ಮಿಯಾಗಿಲ್ಲ, ಒತ್ತಿದಳು