ಬಿಟ್ಟುಹೋದ ಆರನೇ ಪಾಠ

ಆಶಾ ಕಾವಲಿಗೆ ದೋಸೆ ಹುಯ್ದು ಮುಚ್ಚಳ ಮುಚ್ಚುತ್ತಿದ್ದಾಗ ಜಗಲಿಯಿಂದ ಮಗಳ ದನಿ ಕೇಳಿತು.

“ಅಮ್ಮಾ, ಐದನೇ ಪಾಠ ಆದ್ಮೇಲೆ ಈ ಫೋನು ಏಳನೇದು ಓದ್ತಿದೆ.”

ಆಶಾಳ ಕೈ ಅಲ್ಲೇ ನಿಂತಿತು. ಆರನೇದು ಎಲ್ಲಿ ಎಂದು ಸಿಂಚನಾ ಕೇಳಲಿಲ್ಲ. ಇಲ್ಲ ಎಂಬುದನ್ನಷ್ಟೇ ಹೇಳಿದಳು. ಈಗೀಗ ಅವಳ ಮಾತೆಲ್ಲ ಹೀಗೆಯೇ.

ಮೊದಲು ಹೀಗಿರಲಿಲ್ಲ. ಕಾರ್ಗಲ್ಲಿನಲ್ಲಿ ಬಸ್ಸು ಹತ್ತಿದರೆ ಸಾಗರ ಬರುವ ತನಕ ಏನಾದರೊಂದು ಪ್ರಶ್ನೆ ಕೇಳುತ್ತಲೇ ಇರುತ್ತಿದ್ದಳು. “ನಿಮ್ಮ ಮಗಳಿಗೆ ಅರ್ಧ ಟಿಕೆಟ್ ಸಾಲ್ದು ಅಕ್ಕಾ, ಪ್ರಶ್ನೆಗೊಂದು ಹರೀಬೇಕು” ಎಂದು ಕಂಡಕ್ಟರ್ ನಗುತ್ತಿದ್ದ. ಹಿಂದಿನ ವರ್ಷ ಕಾಯಿಲೆಯಲ್ಲಿ ಅವಳ ಕಣ್ಣಿನ ದೃಷ್ಟಿ ಹೋಯಿತು. ಪ್ರಶ್ನೆಗಳೂ ಅದರ ಹಿಂದೆಯೇ ಹೋದವು.

ಶಾಲೆಯ ಟೀಚರು ಮಕ್ಕಳ ಹಳೆಯ ವಿಜ್ಞಾನ ಪುಸ್ತಕವೊಂದನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರು. ಆದರೆ ಅದರ ಪುಟಗಳೆಲ್ಲ ಸ್ಕ್ಯಾನ್ ಮಾಡಿದ ಚಿತ್ರಗಳು, ಅದೂ ಡಿಜೆವಿಯು ಎಂಬ ಕೇಳರಿಯದ ಬಗೆಯ ಫೈಲಿನಲ್ಲಿ. ಅಕ್ಷರ ಓದಿ ಹೇಳುವ ಫೋನು ಅದರ ಮುಂದೆ ಮೂಕ. ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ಮದುವೆ ಕಾರ್ಡು ಅಚ್ಚು ಹಾಕುವ ಗೋಪಾಲಪ್ಪನವರು ಆಶಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ತೋರಿಸಿಕೊಟ್ಟರು: ಪುಟಗಳನ್ನು ಬಿಡಿಸುವುದು, ಚಿತ್ರದಿಂದ ಅಕ್ಷರ ಎತ್ತುವುದು, ಯಾವ ಕಂಪ್ಯೂಟರಿನಲ್ಲಾದರೂ ತೆರೆದು ತಿದ್ದಬಹುದಾದ ಓಡಿಟಿ ಫೈಲಾಗಿ ಉಳಿಸುವುದು.

“ನಿಮಗೆ ಎಂತ ಕೊಡ್ಲಿ ಅಣ್ಣಾ?” ಎಂದರೆ, “ಅದೇ ಮುಹೂರ್ತ, ಅದೇ ‘ಸರ್ವರಿಗೂ ಆದರದ ಸ್ವಾಗತ’. ಓದೀ ಓದೀ ಬೇಜಾರಾಗಿತ್ತು ಮಾರಾಯ್ರೆ. ಕಪ್ಪೆ, ಮೋಡ ಎಲ್ಲ ಓದಿ ನಂಗೇ ಖುಷಿಯಾಯ್ತು” ಎಂದಿದ್ದರು. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ ಆಶಾಳಿಗೆ ಅವರ ನೆನಪೂ ಬರುತ್ತಿತ್ತು.

ಅನ್ನಕ್ಕಿಟ್ಟು ಒಂದು ಪುಟ, ಬಟ್ಟೆ ನೆನೆಸಿ ಒಂದು ಪುಟ. ಅಕ್ಷರ ಎತ್ತುವಾಗ ಯಂತ್ರ ನುಂಗಿದ ಒತ್ತಕ್ಷರಗಳನ್ನು ಮನೆಯ ಕಂಪ್ಯೂಟರಿನಲ್ಲಿ ಕೂರಿಸುತ್ತ ಹೋದಳು. ಚಿತ್ರ ಬಂದಲ್ಲಿ ಮಗಳ ಬೆರಳಿಗೆ ಗೊತ್ತಿರುವುದನ್ನು ಬರೆದಳು: ‘ಇದು ದಾಸವಾಳ. ಅಜ್ಜಿ ಮುಡಿಯುತ್ತಾರಲ್ಲ, ಅದೇ. ನಡುವಿನ ಕಡ್ಡಿ ಮುಟ್ಟಿದರೆ ಬೆರಳಿಗೆ ಹುಡಿ ಅಂಟುತ್ತದೆ.’ ಫೋನಿನ ಗಂಡುದನಿ ಇದನ್ನು ಗಂಭೀರವಾಗಿ ಓದಿದಾಗ ಅತ್ತೆ ಕೆರಿಯಮ್ಮ ಬೆಚ್ಚಿದ್ದರು. “ಎಲಾ ಇವನ! ನಾನು ಮುಡಿಯೋ ಹೂವು ಇವನಿಗೆ ಹೆಂಗೆ ಗೊತ್ತಾಯ್ತೆ?”

ಆರನೇ ಪಾಠವೂ ತಯಾರಾಗಿತ್ತು. ಅದರ ಹೆಸರು ‘ಬೆಳಕು’. ತಿದ್ದಿ ಮುಗಿಸಿದ ಮೇಲೆ ಆಶಾ ಅದನ್ನು ಮಗಳ ಫೋನಿಗೆ ಹಾಕಿರಲಿಲ್ಲ. ಈಗಷ್ಟೇ ಪುಸ್ತಕಕ್ಕೆ ಕಿವಿಗೊಟ್ಟು ಕೂರತೊಡಗಿದ ಹುಡುಗಿ. ಇದನ್ನು ಕೇಳಿ ಮತ್ತೆ ಮುಸುಕೆಳೆದು ಮಲಗಿಬಿಟ್ಟರೆ?

ದೋಸೆ ಸೀದ ವಾಸನೆಗೆ ಕೆರಿಯಮ್ಮ ಒಳಗೆ ಬಂದರು. ಸೊಸೆಯ ಮುಖ ನೋಡಿ ಒಲೆ ಆರಿಸಿದರು. ವಿಷಯ ಕೇಳಿದ ಮೇಲೆ, “ಬೆಂಕಿ ಸುಡ್ತದೆ ಅಂತ ಹೇಳ್ದೆ ಅಡಿಗೆ ಕಲಿಸ್ತೀಯೇನೆ? ಅವಳಿಗೆ ಕಾಣದಿಲ್ಲ ಅನ್ನೋದು ನಿಂಗಿಂತ ಮೊದ್ಲು ಅವಳಿಗೇ ಗೊತ್ತು. ಹಾಕು ಮಾರಾಯ್ತಿ” ಎಂದರು.

ಆಶಾ ಪಾಠವನ್ನು ಫೋನಿಗೆ ಹಾಕಿದಳು. ಮಗಳ ಪಕ್ಕ ಚಾಪೆಯ ಮೇಲೆ ಕೂತಳು. ಫೋನು ಓದತೊಡಗಿತು: ಬೆಳಕು ನೇರ ಹೋಗುತ್ತದೆ, ಅಡ್ಡ ಬಂದರೆ ನೆರಳು ಬೀಳುತ್ತದೆ, ಕಣ್ಣಿನೊಳಗೆ ಹೋದಾಗ ನಮಗೆ ಕಾಣಿಸುತ್ತದೆ. ಸಿಂಚನಾ ಅಲುಗಲಿಲ್ಲ. ಸೂರ್ಯ ಆಯಿತು, ಚಂದ್ರ ಆಯಿತು, ಹೊಟ್ಟೆಯಲ್ಲೇ ಬೆಳಕು ಹುಟ್ಟಿಸುವ ಮಿಂಚುಹುಳ ಬಂತು. ಅಲ್ಲಿ ಅವಳು ಫೋನನ್ನು ತಡೆದು ಮಗುಚಿಟ್ಟಳು.

“ಸಾಕಾ ಮಗಾ? ಆಮೇಲೆ ಕೇಳುವಂತೆ, ದೋಸೆ ತಿನ್ನು ಬಾ” ಎಂದು ಆಶಾ ಅವಳ ಕೈ ಹಿಡಿದಳು.

ಸಿಂಚನಾ ಏಳಲಿಲ್ಲ. ಹುಬ್ಬು ಗಂಟಿಕ್ಕಿ, ತನ್ನ ಹೊಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಆಮೇಲೆ ತಾಯಿಯ ಕಡೆ ಮುಖ ತಿರುಗಿಸಿದಳು.

“ಅಮ್ಮಾ, ಬೆಳಕನ್ನ ಹೊಟ್ಟೇಲಿ ಇಟ್ಕೊಂಡ್ರೆ ಮಿಂಚುಹುಳಕ್ಕೆ ಸುಡೂದಿಲ್ವಾ?”